ನರಮಾಂಸಭೋಜನದ ವಸ್ತುವೂ ಬೀಭತ್ಸರಸವೂ

ರಸಗಳ ಪಂಕ್ತಿಯಲ್ಲಿ ಬೀಭತ್ಸಕ್ಕೆ ಸಿಕ್ಕಿರುವುದು ಕಡೆಯ ಮಣೆ. ನಮ್ಮ ಕಾಲೇಜುಗಳಲ್ಲಿ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪಾಠ ಹೇಳುವಾಗ ಶೃಂಗಾರಕ್ಕೂ ಕರುಣಕ್ಕೂ ವಾರಗಟ್ಟಲೆ ಕಾಲವನ್ನು ಕೊಡುತ್ತೇವೆ, ಬೀಭತ್ಸದ ಬಳಿಗೆ ಬಂದಾಗ ಜುಗುಪ್ಸೆ ಅದರ ಸ್ಥಾಯಿಭಾವವೆಂದು ಹೇಳಿ, ಸ್ಮಶಾನದ ಒಂದು ಉದಾಹರಣೆಯನ್ನು ಕೊಟ್ಟು, ಮೂಗು ಮುಚ್ಚಿಕೊಂಡವರಂತೆ ಮುಂದೆ ಸಾಗುತ್ತೇವೆ. ಆದರೆ ಪಾಠವನ್ನು ಕೇಳಿ ಮನೆಗೆ ಹೋದ ವಿದ್ಯಾರ್ಥಿಯು ರಾತ್ರಿ ಕದವಿಕ್ಕಿಕೊಂಡು ನೋಡುವ ಚಿತ್ರಗಳಲ್ಲಿ ಇದೇ ರಸಕ್ಕೆ ಅಗ್ರಪೂಜೆ. ಶಾಸ್ತ್ರವು ಹೀಗೆ ತರಗತಿಯಲ್ಲೂ ಲಕ್ಷ್ಯವು ಮನೆಯಲ್ಲೂ ಬೇರೆಬೇರೆಯಾಗಿ ಉಳಿದಿರುವುದು ವಿಮರ್ಶೆಗೆ ಶ್ರೇಯಸ್ಕರವಲ್ಲ. ಅವೆರಡನ್ನೂ ಒಂದೆಡೆ ಕೂರಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ಆರಿಸಿಕೊಂಡಿರುವ ವಸ್ತುವು ಮನುಷ್ಯನು ಮನುಷ್ಯನನ್ನು ತಿನ್ನುವುದು. ಇದಕ್ಕಿಂತ ಜುಗುಪ್ಸಾವಹವಾದ ವಸ್ತು ಇನ್ನೊಂದಿರಲಾರದು.

ಈ ವಸ್ತುವಿನ ಭಯಾನಕ ಚಿತ್ರಗಳಲ್ಲಿ ಹೆಸರಾದುದು 1974ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’. ನಿರ್ದೇಶಕನು ಟೋಬಿ ಹೂಪರ್. ಅಲ್ಪ ಬಂಡವಾಳದಲ್ಲಿ, 16 ಮಿಲಿಮೀಟರಿನ ಸಣ್ಣ ಫಿಲ್ಮಿನಲ್ಲಿ, ಹೆಸರಿಲ್ಲದ ನಟವರ್ಗದಿಂದ ತೆಗೆದ ಚಿತ್ರ. ಅನಂತರ ವಿಡಿಯೊ ಕ್ಯಾಸೆಟ್ಟು, ಸಿ.ಡಿ., ಡಿ.ವಿ.ಡಿ.ಗಳ ಮೂಲಕ ಮನೆಮನೆಗೆ ಹೊಕ್ಕು, ಈಗ ಕೈಯ ಫೋನಿನವರೆಗೆ ಬಂದಿದೆ. ಇಂಥ ಚಿತ್ರಗಳಿಗೆ ಊರೂರಿನಲ್ಲಿ ಒಂದು ಸಣ್ಣ ಭಕ್ತವೃಂದವಿರುತ್ತದೆ. ಅವರು ಅದನ್ನು ಹತ್ತಾರು ಸಲ ನೋಡಿರುತ್ತಾರೆ, ಮಾತುಗಳನ್ನು ಬಾಯಿಪಾಠ ಮಾಡಿರುತ್ತಾರೆ, ಹೊಸಬರಿಗೆ ದೀಕ್ಷೆ ಕೊಡುವಂತೆ ತೋರಿಸುತ್ತಾರೆ. ಭಕ್ತಿಯೆಂಬ ಮಾತನ್ನು ಇಲ್ಲಿ ಹಾಸ್ಯಕ್ಕಾಗಿ ಬಳಸಿಲ್ಲ. ನಮ್ಮಲ್ಲಿ ಈ ವಸ್ತು ಮೈದಾಳಿದ್ದು ಭಕ್ತಿಯ ಕಥೆಯಲ್ಲಿಯೇ ಎಂಬುದನ್ನು ಮುಂದೆ ಕಾಣಬಹುದು.

ಮೊದಲು ಹಳೆಯ ಲಕ್ಷ್ಯಗಳನ್ನು ನೋಡೋಣ. ಭವಭೂತಿಯ ‘ಮಾಲತೀಮಾಧವ’ದ ಐದನೆಯ ಅಂಕದಲ್ಲಿ ನಾಯಕನಾದ ಮಾಧವನು ನರಮಾಂಸವನ್ನು ಮಾರಲೆಂದು ಮಸಣದಲ್ಲಿ ಅಲೆಯುತ್ತಾನೆ, ಅಲ್ಲಿ ಹೆಣವನ್ನು ಕಿತ್ತು ತಿನ್ನುವ ಪಿಶಾಚವನ್ನು ಬಣ್ಣಿಸುವ ಪದ್ಯವನ್ನೇ ಮಮ್ಮಟನು ಬೀಭತ್ಸಕ್ಕೆ ಉದಾಹರಣೆಯಾಗಿ ಎತ್ತಿಕೊಂಡಿದ್ದಾನೆ. ಭಟ್ಟನಾರಾಯಣನ ‘ವೇಣೀಸಂಹಾರ’ದಲ್ಲಿ ರಾಕ್ಷಸದಂಪತಿಗಳು ಕುರುಕ್ಷೇತ್ರದ ರಕ್ತಮಾಂಸಗಳನ್ನು ಸಂಸಾರಕ್ಕೆ ದಿನಸಿ ಕೂಡಿಡುವವರಂತೆ ಕೂಡಿಡುತ್ತಾರೆ. ಕನ್ನಡದಲ್ಲಿ ಪಂಪನ ಭೀಮನೂ ರನ್ನನ ಭೀಮನೂ ದುಶ್ಶಾಸನನ ನೆತ್ತರನ್ನು ಕುಡಿದವರೇ. ‘ಗದಾಯುದ್ಧ’ದ ರಣರಂಗದಲ್ಲಿ ದುರ್ಯೋಧನನನ್ನು ಮರುಳು ಹಂಗಿಸುವ ಸನ್ನಿವೇಶವನ್ನು ಬಲ್ಲವರಿಗೆ ಅಲ್ಲಿಯ ಬೀಭತ್ಸವು ಎಷ್ಟು ಬೇಗ ಹಾಸ್ಯದ ಕಡೆಗೂ ಕರುಣದ ಕಡೆಗೂ ಹೊರಳುತ್ತದೆಂಬುದು ಗೊತ್ತಿದೆ. ಇವೆಲ್ಲದರಲ್ಲಿ ಒಂದು ಸಮಾನಾಂಶವಿದೆ. ತಿನ್ನುವವನು ಪಿಶಾಚ, ರಾಕ್ಷಸ, ಇಲ್ಲವೆ ಪ್ರತಿಜ್ಞೆಯ ಕ್ರೋಧದಿಂದ ಕ್ಷಣಕಾಲ ರಾಕ್ಷಸನಾದ ವೀರ. ತಿನ್ನುವ ಸ್ಥಳ ಮಸಣ ಅಥವಾ ಕಳ. ಅಡಿಗೆಮನೆಯಿಲ್ಲ, ಎಲೆ ಹಾಕುವವರಿಲ್ಲ, ಬಡಿಸುವವರಿಲ್ಲ. ಆದುದರಿಂದ ಸಹೃದಯನು ಹೇಸಿದರೂ ನಿಶ್ಚಿಂತನಾಗಿರುತ್ತಾನೆ: ಅದು ತನ್ನ ಮನೆಯಲ್ಲ.

ಸಿರಿಯಾಳನ ಕಥೆಯಲ್ಲಿ ಈ ನಿಶ್ಚಿಂತೆ ಹೊರಟುಹೋಗುತ್ತದೆ. ಕಥೆ ನಮ್ಮವರಿಗೆ ಸುಪರಿಚಿತವಾದರೂ ಅದನ್ನು ಭಕ್ತಿಯ ಕಣ್ಣಿನಿಂದಲ್ಲದೆ ವಸ್ತುವಿನ ಕಣ್ಣಿನಿಂದ ಒಮ್ಮೆ ಹೇಳಿನೋಡಬೇಕು. ಪ್ರತಿದಿನ ಶಿವಭಕ್ತರಿಗೆ ಉಣಬಡಿಸದೆ ತಾನು ಉಣ್ಣದ ಗೃಹಸ್ಥ. ಅತಿಥಿ ಸಿಗದೆ ಹೋದ ಒಂದು ದಿನ. ಭೈರವವೇಷದ ಜೋಗಿಯೊಬ್ಬನು ಬರುತ್ತಾನೆ; ತನಗೆ ಮಾಂಸವೇ ಆಗಬೇಕು, ಅದೂ ಮನುಷ್ಯನ ಮಾಂಸ ಎನ್ನುತ್ತಾನೆ. ಐದು ವರ್ಷದ ಮಗುವಾಗಿರಬೇಕು, ತಂದೆತಾಯಿಗೆ ಒಬ್ಬನೇ ಮಗನಾಗಿರಬೇಕು, ತಾಯಿ ಹಿಡಿದುಕೊಳ್ಳಬೇಕು, ತಂದೆ ಕೊಯ್ಯಬೇಕು, ಇಬ್ಬರೂ ಸಂತೋಷದಿಂದಿರಬೇಕು. ಮಗನನ್ನು ಓದುವ ಮಠದಿಂದ ಕರೆತರುತ್ತಾರೆ. ಅಡಿಗೆಯಾಗುತ್ತದೆ. ತಲೆ ಅತಿಥಿಗೆ ಯೋಗ್ಯವಲ್ಲವೆಂದು ತೆಗೆದಿಟ್ಟರೆ ಅತಿಥಿ ಅದನ್ನೇ ಕೇಳುತ್ತಾನೆ; ಮನೆಯ ದಾಸಿ ಅದನ್ನು ಮೊದಲೇ ಬೇಯಿಸಿಟ್ಟಿರುತ್ತಾಳೆ. ಒಬ್ಬನೇ ಉಣ್ಣಲಾರೆ, ನೀನೂ ಪಕ್ಕದಲ್ಲಿ ಕೂರು ಎಂದು ಅತಿಥಿ ಹೇಳುತ್ತಾನೆ. ತಂದೆ ಕೂರುತ್ತಾನೆ. ನಿನ್ನ ಮಗನನ್ನೂ ಕರೆ ಎನ್ನುತ್ತಾನೆ. ಹೊರಗೆ ನಿಂತು ಕರೆದಾಗ ಮಗು ಮಠದಿಂದ ಓಡಿಬರುತ್ತದೆ.

12ನೆಯ ಶತಮಾನದಲ್ಲಿ ಶೇಕ್ಕಿಳಾರನು ತಮಿಳಿನ ‘ಪೆರಿಯಪುರಾಣ’ದಲ್ಲಿ ಶಿರುತ್ತೊಂಡರ ಚರಿತೆಯಾಗಿ ಹೇಳಿದ ಕಥೆಯಿದು. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನ ‘ಬಸವಪುರಾಣ’ಕ್ಕೂ ಶ್ರೀನಾಥನ ‘ಹರವಿಲಾಸ’ಕ್ಕೂ, ಮರಾಠಿಯಲ್ಲಿ ಶ್ರೀಧರನ ‘ಶಿವಲೀಲಾಮೃತ’ಕ್ಕೂ ಇಳಿದು ಬಂದಿದೆ. ಕನ್ನಡದಲ್ಲಿ ಅದು ಕಂಚಿಯ ಸಿರಿಯಾಳಸೆಟ್ಟಿ, ಅವನ ಹೆಂಡತಿ ಚಂಗಳೆ, ಮಗ ಚಿಲಾಳರ ಕಥೆ. ಸಿರಿಯಾಳನನ್ನು ಸೆಟ್ಟಿಯೆಂದು ಕರೆಯಲು ಒಪ್ಪದ ಬಸವಣ್ಣನವರ ವಚನವನ್ನು ಅರಿಯದ ಕನ್ನಡಿಗರು ವಿರಳ. ತಮಿಳಿನ ಮೂಲದಲ್ಲಿ ಮಾತ್ರ ಅವನು ಸೆಟ್ಟಿಯಲ್ಲ, ದಂಡನಾಯಕ. ಪರಂಜೋತಿಯೆಂಬ ಹೆಸರಿನಿಂದ ಪಲ್ಲವ ಒಂದನೆಯ ನರಸಿಂಹವರ್ಮನಿಗಾಗಿ ವಾತಾಪಿಯನ್ನು ಹಾಳುಗೆಡವಿದವನು. ವಾತಾಪಿ ಎಂದರೆ ನಮ್ಮ ಬಾದಾಮಿ. ಅದು ಬಿದ್ದದ್ದು 642ರಲ್ಲಿ. ಕನ್ನಡದ ರಾಜಧಾನಿಯನ್ನು ಸುಟ್ಟ ಕೈಯೇ ಮುಂದೆ ಮಗನನ್ನು ಕೊಯ್ದಿತೆಂಬುದನ್ನು ನಮ್ಮ ಕವಿಗಳು ಮರೆತರೋ, ಬೇಕೆಂದೇ ಬಿಟ್ಟರೋ! ಯೋಧನನ್ನು ವರ್ತಕನನ್ನಾಗಿ ಮಾಡಿದ್ದರಿಂದ ಕಥೆಗೆ ಲಾಭವಾಗಿದೆಯೆಂದೇ ನನ್ನ ಎಣಿಕೆ. ಕತ್ತಿ ಹಿಡಿದು ಬಾಳಿದವನ ಕೈಗೆ ಕತ್ತಿ ಹೊಸದಲ್ಲ. ತಕ್ಕಡಿ ಹಿಡಿದವನ ಕೈಯಲ್ಲಿ ಅದು ಬಹಳ ಭಾರವಾಗುತ್ತದೆ.

ಈ ಕಥೆಯಲ್ಲಿ ಜುಗುಪ್ಸೆಯ ವಿಭಾವಗಳೆಲ್ಲವೂ ಇವೆ. ಆದರೂ ಕಥೆ ಬೀಭತ್ಸದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಕಾರಣ ಮಗು ಮರಳಿ ಬರುವುದೊಂದೇ ಅಲ್ಲ. ಅತಿಥಿಯ ನಿಯಮಗಳಲ್ಲಿ ಅತ್ಯಂತ ಕ್ರೂರವಾದದ್ದು ಕೊಯ್ಯುವುದಲ್ಲ, ಅಳಬಾರದೆಂಬುದು. ಕರುಣಕ್ಕೆ ಇರುವ ಏಕೈಕ ಬಾಗಿಲನ್ನು ಕಥೆಯೇ ಮುಚ್ಚಿಬಿಡುತ್ತದೆ. ಇದರ ತೂಕವನ್ನು ತಿಳಿಯಬೇಕಾದರೆ ಸಂತೆಮರಹಳ್ಳಿಗೆ ಸಮೀಪದ ಯಳಂದೂರಿನಲ್ಲಿ ಬಾಳಿದ 17ನೆಯ ಶತಮಾನದ ಷಡಕ್ಷರದೇವನ ‘ರಾಜಶೇಖರವಿಲಾಸ’ವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಅದೂ ಚೋಳದೇಶದ ಕಥೆ. ಅಲ್ಲಿಯೂ ಮಗು ಸಾಯುತ್ತದೆ. ನ್ಯಾಯಕ್ಕಾಗಿ ತಂದೆ ಮಗನನ್ನು ಕೊಲ್ಲಿಸುತ್ತಾನೆ. ಕಡೆಗೆ ಶಿವನು ಪ್ರತ್ಯಕ್ಷನಾಗುತ್ತಾನೆ. ಆದರೆ ಕವಿ ತಿರುಕೊಳವಿನಾಚಿಗೆ ಅಳಲು ಬೇಕಾದಷ್ಟು ಎಡೆ ಕೊಟ್ಟಿದ್ದಾನೆ. ಓದುಗನು ಆ ತಾಯಿಯ ಜತೆಯಲ್ಲಿ ಅತ್ತು ಹಗುರಾಗುತ್ತಾನೆ. ಚಂಗಳೆಗೆ ಆ ಹಕ್ಕಿಲ್ಲ. ಅವಳು ನಗುಮುಖದಿಂದ ಅಡಿಗೆ ಮಾಡಬೇಕು. ಮಗನ ತಲೆಯನ್ನು ಒರಳಿನಲ್ಲಿ ಕುಟ್ಟುವಾಗ ತಾಯಿಯಿಂದ ಹಾಡು ಹಾಡಿಸುವ ಮರಾಠಿ ಸಂಪ್ರದಾಯವಂತೂ ಈ ನಿಯಮವನ್ನು ಅದರ ತುದಿಗೇ ಒಯ್ದಿದೆ. ಬೀಭತ್ಸದ ಪರಮಾವಧಿ ರಕ್ತದಲ್ಲಿಲ್ಲ, ಈ ನಗುಮುಖದಲ್ಲಿದೆ.

ಈಗ ಹೂಪರನ ಚಿತ್ರಕ್ಕೆ ಬರೋಣ. ಐವರು ಯುವಜನರು, ಅವರಲ್ಲಿ ಒಬ್ಬ ಗಾಲಿಕುರ್ಚಿಯವನು, ಒಂದು ವ್ಯಾನಿನಲ್ಲಿ ಹೊರಟು ಅಜ್ಜನ ಗೋರಿಯನ್ನೂ ಹಳೆಯ ಮನೆಯನ್ನೂ ನೋಡಲು ಬರುತ್ತಾರೆ. ಪೆಟ್ರೋಲ್ ಮುಗಿಯುತ್ತ ಬಂದಿದೆ. ಬಂಕಿನಲ್ಲಿ ಪೆಟ್ರೋಲ್ ಇಲ್ಲ, ಸುಟ್ಟ ಮಾಂಸ ಮಾತ್ರ ಮಾರಾಟಕ್ಕಿದೆ. ಆ ಮಾಂಸ ಯಾವುದೆಂದು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದ ಮನೆಯಲ್ಲಿ ಯಂತ್ರದ ಸದ್ದು ಕೇಳಿ ಪೆಟ್ರೋಲ್ ಕೇಳಲೆಂದು ಒಬ್ಬನು ಒಳಗೆ ಹೋಗುತ್ತಾನೆ. ಒಂದು ಸುತ್ತಿಗೆಯ ಏಟು, ಒಂದು ಲೋಹದ ಬಾಗಿಲು ಸರಿದು ಮುಚ್ಚಿಕೊಳ್ಳುತ್ತದೆ. ಅಷ್ಟೇ. ಮನೆಯೊಳಗೆ ಎಲುಬಿನ ಪೀಠೋಪಕರಣ, ಪಂಜರದಲ್ಲಿ ಒಂದು ಕೋಳಿ. ಮನೆಯವರು ಕಸಾಯಿಖಾನೆಯಲ್ಲಿ ದುಡಿದು, ಹೊಸ ಯಂತ್ರ ಬಂದಮೇಲೆ ಕೆಲಸ ಕಳೆದುಕೊಂಡವರು. ಮನುಷ್ಯಚರ್ಮದ ಮುಖವಾಡ ತೊಟ್ಟ ಲೆದರ್‌ಫೇಸ್ ಆ ಮನೆಯ ಒಬ್ಬ ಮಗ. ಮಾಂಸ ಮಾರುವವನು ಅಡಿಗೆಯವನು. ಮಾಳಿಗೆಯಲ್ಲಿ ಹೆಣದಂತೆ ಕುಳಿತಿರುವ ಅಜ್ಜ. ಕಡೆಗೆ ಉಳಿದ ಹುಡುಗಿ ಸ್ಯಾಲಿಯನ್ನು ಊಟದ ಮೇಜಿನ ತುದಿಯಲ್ಲಿ ಕಟ್ಟಿ ಕೂರಿಸುತ್ತಾರೆ. ಆಕೆಯ ಬೆರಳು ಕೊಯ್ದು ರಕ್ತವನ್ನು ಅಜ್ಜನ ಬಾಯಿಗೆ ಇಡುತ್ತಾರೆ. ಮನೆಯ ಹಿರಿಯನಿಗೆ ಮೊದಲ ತುತ್ತು! ಹಿಂದೆ ಒಂದೇ ಏಟಿಗೆ ದನವನ್ನು ಕೆಡಹುತ್ತಿದ್ದ ಅಜ್ಜನ ಕೈಗೆ ಗೌರವಾರ್ಥವಾಗಿ ಸುತ್ತಿಗೆ ಕೊಡುತ್ತಾರೆ; ಆತನ ಕೈಯಿಂದ ಅದು ಮತ್ತೆ ಮತ್ತೆ ಜಾರುತ್ತದೆ.

ಸಿರಿಯಾಳನ ಮನೆಗೂ ಈ ಮನೆಗೂ ಇರುವ ಹೋಲಿಕೆ ಮೇಲುನೋಟದ್ದಲ್ಲ. ಎರಡೂ ಆತಿಥ್ಯದ ಕಥೆಗಳು. ಅಲ್ಲಿ ಅತಿಥಿಯು ಮನೆಯವರನ್ನು ಉಣ್ಣುತ್ತಾನೆ; ಇಲ್ಲಿ ಮನೆಯವರು ಅತಿಥಿಯನ್ನು ಉಣ್ಣುತ್ತಾರೆ. ಅಲ್ಲಿ ಗೃಹಸ್ಥಧರ್ಮವು ತನ್ನ ಎಲ್ಲೆಯನ್ನು ಮೀರಿ ಬೆಳೆದು ಭೀಕರವಾಗುತ್ತದೆ. ಇಲ್ಲಿ ಅದು ತಲೆಕೆಳಗಾಗಿ ಭೀಕರವಾಗುತ್ತದೆ. ಹಿರಿಯರಲ್ಲಿ ಗೌರವ, ಕುಲಕಸುಬಿನ ಅಭಿಮಾನ, ಒಟ್ಟಿಗೆ ಕುಳಿತು ಉಣ್ಣುವುದು ಇವೆಲ್ಲವೂ ಆ ಟೆಕ್ಸಾಸಿನ ಮನೆಯಲ್ಲಿ ಅಕ್ಷರಶಃ ಉಳಿದಿವೆ. ಅದೇ ನಮ್ಮನ್ನು ಕಲಕುವುದು. ಅಳಬಾರದೆಂಬ ನಿಯಮದ ಬದಲು ಇಲ್ಲಿ ಸ್ಯಾಲಿಯ ಕಿರಿಚಾಟವಿದೆ, ಮತ್ತು ಮೇಜಿನ ಸುತ್ತ ಕುಳಿತವರು ಅದನ್ನು ಅಣಕಿಸಿ ತಾವೂ ಕಿರಿಚುತ್ತಾರೆ. ತಿರುಕೊಳವಿನಾಚಿಯ ಅಳು ಕೇಳುಗನನ್ನು ಹತ್ತಿರಕ್ಕೆ ಕರೆಯುತ್ತದೆ. ಈ ಕಿರಿಚಾಟಕ್ಕೆ ಕೇಳುಗರೇ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕು. ಮಾಂಸವೇ ಜುಗುಪ್ಸೆಗೆ ಕಾರಣವೆಂದು ಕೆಲವರು ಭಾವಿಸಬಹುದು. ನಮ್ಮ ಅಲಂಕಾರಶಾಸ್ತ್ರವನ್ನು ಪಾಠ ಹೇಳುವವರಲ್ಲಿ ಅನೇಕರು ಸಸ್ಯಾಹಾರಿಗಳಾದುದರಿಂದ ಈ ಭಾವನೆ ಸಲೀಸಾಗಿ ನುಸುಳಿಬಿಡುತ್ತದೆ. ಚಾಮರಾಜನಗರ ಸೀಮೆಯ ಜನಪದವು ಇದಕ್ಕೆ ತಕ್ಕ ಉತ್ತರ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆಯಲ್ಲಿ ಪಂಕ್ತಿಸೇವೆಯೆಂದರೆ ಮಾಂಸದೂಟ. ಅದು ಭಕ್ತರಿಗೆ ಪ್ರಸಾದ, ಎಲ್ಲ ಕುಲದವರೂ ಒಂದೇ ಸಾಲಿನಲ್ಲಿ ಕೂರುವ ಸಮಯ. ನೀಲಗಾರರು ಹಾಡುವ ಮಂಟೇಸ್ವಾಮಿಯು ಕಲ್ಯಾಣಕ್ಕೆ ಬರುವುದು ತೊನ್ನುಹತ್ತಿ ಕೊಳೆತು ನಾರುವ ಮೈಯಲ್ಲಿ, ಹೆಂಡ ಮಾಂಸಗಳ ಸಮೇತ. ಅವನನ್ನು ಕಂಡು ಹೇಸಿದ ಜಂಗಮರೇ ಪರೀಕ್ಷೆಯಲ್ಲಿ ಸೋತವರು. ಹೇಸಿಗೆಯನ್ನು ಕೇಳುಗರ ಮುಂದೊಡ್ಡಿ, ಹೇಸುವುದು ಯಾರ ದೋಷವೆಂದು ಕೇಳುವ ಕಾವ್ಯವದು. ಇನ್ನು ನೆರೆಯ ತಾಳವಾಡಿ ಸೀಮೆಯ ಗಾಜನೂರಿನ ರಾಜಕುಮಾರರು 1954ರಲ್ಲಿ ಎಚ್. ಎಲ್. ಎನ್. ಸಿಂಹರ ನಿರ್ದೇಶನದ ‘ಬೇಡರ ಕಣ್ಣಪ್ಪ’ದಲ್ಲಿ ಲಿಂಗಕ್ಕೆ ಮಾಂಸವನ್ನು ಎಡೆಯಿಟ್ಟರು, ಕಣ್ಣನ್ನೂ ಕಿತ್ತುಕೊಟ್ಟರು, ಕುಟುಂಬಸಮೇತರಾಗಿ ಹೋಗಿ ನೋಡಿದ ಜನ ಅದನ್ನು ಭಯಾನಕ ಚಿತ್ರವೆಂದು ಕರೆಯಲಿಲ್ಲ. ಹುಣಸೂರು ಕೃಷ್ಣಮೂರ್ತಿಯವರು ಲೋಕೇಶ್, ಆರತಿಯವರನ್ನಿಟ್ಟುಕೊಂಡು 1980ರಲ್ಲಿ ‘ಭಕ್ತ ಸಿರಿಯಾಳ’ವನ್ನು ತೆರೆಗೆ ತಂದಾಗಲೂ ಹಾಗೆಯೇ. ಜುಗುಪ್ಸೆಯ ಬೇರು ಮಾಂಸದಲ್ಲಿಲ್ಲ. ಯಾರು ಯಾರಿಗೆ ಬಡಿಸುತ್ತಾರೆ, ಎಲೆಯ ಮೇಲಿರುವವನು ಬಡಿಸುವವನಿಗೆ ಏನಾಗಬೇಕು ಎಂಬ ಸಂಬಂಧದಲ್ಲಿದೆ.

ಹೂಪರನ ಚಿತ್ರದ ಹೆಸರನ್ನು ಕೇಳಿದವರು ಅದರಲ್ಲಿ ರಕ್ತದ ಹೊಳೆ ಹರಿಯುವುದೆಂದು ನಿರೀಕ್ಷಿಸುತ್ತಾರೆ. ನೋಡಿದರೆ ಹಾಗಿಲ್ಲ. ಹುಡುಗಿಯೊಬ್ಬಳನ್ನು ಮಾಂಸದ ಕೊಕ್ಕೆಗೆ ತೂಗುಹಾಕುವ ದೃಶ್ಯದಲ್ಲಿ ಕೊಕ್ಕೆ ಮೈಗೆ ಚುಚ್ಚುವುದನ್ನು ತೋರಿಸಿಯೇ ಇಲ್ಲ. ಆದರೂ ಕಂಡೆನೆಂದು ಪ್ರಮಾಣ ಮಾಡುವವರಿದ್ದಾರೆ. ಬ್ರಿಟನ್ನಿನ ಸೆನ್ಸಾರ್ ಮಂಡಲಿಯು ಅದಕ್ಕೆ ಪ್ರಮಾಣಪತ್ರವನ್ನು ನಿರಾಕರಿಸಿ, ಕತ್ತರಿಸಿ ಒಪ್ಪಿಸಬಹುದೇ ಎಂದು ಯೋಚಿಸಿ, ಕತ್ತರಿಸಲು ತಕ್ಕ ತುಣುಕುಗಳೇ ಸಿಗದೆ, ಕಡೆಗೆ 1999ರಲ್ಲಿ ಇಡಿಯಾಗಿ ಬಿಟ್ಟುಕೊಟ್ಟಿತು. ಧ್ವನಿಕಾವ್ಯದ ಲಕ್ಷಣವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಇದಕ್ಕಿಂತ ಸ್ಫುಟವಾದ ಉದಾಹರಣೆ ಬೇಕೆ? ವಾಚ್ಯವನ್ನು ಕತ್ತರಿಸಬಹುದು, ವ್ಯಂಗ್ಯವನ್ನು ಕತ್ತರಿಸಲಾಗದು. ಯುದ್ಧ, ಮರಣ, ನಗರದ ಮುತ್ತಿಗೆ ಮುಂತಾದವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದಿಂದ ಸೂಚಿಸತಕ್ಕದ್ದೆಂದು ಭರತನು ವಿಧಿಸಿದನು. ‘ದಶರೂಪಕ’ದ ಧನಂಜಯನು ನಿಷೇಧದ ಪಟ್ಟಿಯಲ್ಲಿ ವಧೆಯ ಜತೆಗೆ ಭೋಜನವನ್ನೂ ಸೇರಿಸಿದ್ದಾನೆ. ರಂಗದ ಮೇಲೆ ಕೊಲ್ಲಲೂ ಬಾರದು, ಉಣ್ಣಲೂ ಬಾರದು. ಇವೆರಡೂ ಒಂದೇ ಪಟ್ಟಿಯಲ್ಲಿರುವುದನ್ನು ಬರಿಯ ಔಚಿತ್ಯವೆಂದು ನಾವು ವಿವರಿಸುತ್ತ ಬಂದಿದ್ದೇವೆ. ನರಮಾಂಸದ ವಸ್ತುವಿನಲ್ಲಿ ಈ ಎರಡು ನಿಷಿದ್ಧಗಳು ಒಂದೇ ಕ್ರಿಯೆಯಾಗಿ ಕೂಡಿಬಿಡುತ್ತವೆ. ಹೂಪರನು ಭರತನನ್ನು ಓದಿದವನಲ್ಲ. ಆದರೆ 1974ರ ಚಿತ್ರದಲ್ಲಿ ಅವನ ಕೈ ಎಲ್ಲಿ ತಡೆಯಬೇಕೋ ಅಲ್ಲಿ ತಡೆದಿದೆ. ಅವನೇ 1986ರಲ್ಲಿ ತೆಗೆದ ಮುಂದುವರಿದ ಭಾಗದಲ್ಲಾಗಲಿ, 2003ರಲ್ಲಿ ಬೇರೊಬ್ಬರು ಮರಳಿ ತೆಗೆದ ಚಿತ್ರದಲ್ಲಾಗಲಿ ಆ ತಡೆಯಿಲ್ಲ. ಅವುಗಳಲ್ಲಿ ರಕ್ತ ಹೆಚ್ಚಿದೆ, ರಸ ಕಡಿಮೆಯಾಗಿದೆ.

ಚಿತ್ರದ ಮೊದಲಿಗೆ ಇದು ನಡೆದ ಸಂಗತಿಯೆಂದು ಗಂಭೀರವಾಗಿ ಓದಿಹೇಳುತ್ತಾರೆ. ಹಾಗೆ ನಡೆದದ್ದಿಲ್ಲ. ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಸೆರೆಸಿಕ್ಕ ಎಡ್ ಗೀನ್ ಎಂಬಾತನು ಗೋರಿಗಳನ್ನು ಅಗೆದು ಎಲುಬು ಚರ್ಮಗಳಿಂದ ವಸ್ತುಗಳನ್ನು ಮಾಡಿದ್ದನು. ಅದರ ಎಳೆಯೊಂದನ್ನು ಮಾತ್ರ ಇಲ್ಲಿ ತೆಗೆದುಕೊಂಡಿದೆ. ಪುರಾಣಕಾರರು ಸೂತಮುನಿಯ ಬಾಯಿಂದ ಹೇಳಿಸಿದಂತೆ ಇದೂ ಒಂದು ಕಥನಸಮಯವೆಂದು ತಿಳಿದರೆ ಸಾಕು.

ಮನೆಯಲ್ಲಿ ನೋಡುವುದರ ವಿಚಾರಕ್ಕೆ ಬರುತ್ತೇನೆ. ಅಭಿನವಗುಪ್ತನು ರಸಾಸ್ವಾದದ ವಿಘ್ನಗಳನ್ನು ವಿವರಿಸುತ್ತ, ಎಲ್ಲ ಸಾಮಾಜಿಕರ ಪ್ರತೀತಿಯೂ ಒಂದೇ ಆಗಿ ಗಟ್ಟಿಗೊಂಡಾಗ ರಸವು ಪುಷ್ಟವಾಗುತ್ತದೆಂದು ಅಭಿಪ್ರಾಯಪಡುತ್ತಾನೆ. ಮೈಸೂರು, ಚಾಮರಾಜನಗರ, ಯಳಂದೂರುಗಳ ದಾರಿಗಳು ಕೂಡುವ, ಹೆಸರಿನಲ್ಲೇ ಸಂತೆಯನ್ನು ಹೊತ್ತ ಸಂತೆಮರಹಳ್ಳಿಯ ಸುತ್ತಿನ ಊರುಗಳಲ್ಲಿ ನೀಲಗಾರರ ತಂಬೂರಿ ಪದವನ್ನು ರಾತ್ರಿಯಿಡೀ ಕೂತು ಕೇಳಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮಂಟೇಸ್ವಾಮಿಯ ಮೈಯ ನಾತವನ್ನು ಹಾಡುವಾಗ ಪಕ್ಕದಲ್ಲಿ ಅಜ್ಜಿಯಿದ್ದಾಳೆ, ಮಗು ತೊಡೆಯ ಮೇಲೆ ನಿದ್ದೆಹೋಗಿದೆ, ಹಿಮ್ಮೇಳ ಸೊಲ್ಲು ಕೊಡುತ್ತಿದೆ. ಹೇಸಿಗೆಯನ್ನು ಹಂಚಿಕೊಂಡು ಉಣ್ಣುವ ಪಂಕ್ತಿಯದು. 1976ರಲ್ಲಿ ಜಪಾನಿನಲ್ಲಿ ವಿ.ಎಚ್.ಎಸ್. ಕ್ಯಾಸೆಟ್ಟು ಹೊರಬಂದ ಮೇಲೆ, ನಮ್ಮಲ್ಲಿ 1980ರ ದಶಕದಲ್ಲಿ ಅದು ಬಾಡಿಗೆಗೆ ಸಿಗತೊಡಗಿದ ಮೇಲೆ, ನೋಟಕನು ಈ ಪಂಕ್ತಿಯಿಂದ ಎದ್ದು ಒಬ್ಬನೇ ಕೂತನು. ಒಬ್ಬಂಟಿಯಾದ ನೋಟಕನ ಭಯ ಹೆಚ್ಚೆಂಬುದು ಜನರ ನಂಬಿಕೆ. ನನಗೆ ಹಾಗೆ ತೋರುವುದಿಲ್ಲ. ಅವನ ಕೈಯಲ್ಲಿ ಗುಂಡಿಯಿದೆ. ಭಯವಾದಾಗ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ಇಷ್ಟವಾದ ಕೊಲೆಯೊಂದನ್ನೇ ಐದು ಸಲ ನೋಡಬಹುದು. ಸಾಧಾರಣೀಕರಣಕ್ಕೆ ಬೇಕಾದ ಪರವಶತೆ ಇಲ್ಲಿಲ್ಲ. ತಾಳೆಗರಿಯ ಓದುಗನಂತೆ ಮತ್ತೆ ಮತ್ತೆ ತಿರುವಿಹಾಕಿ ರಚನೆಯ ಮರ್ಮವನ್ನು ಅರಿಯಲು ಈ ಗುಂಡಿ ಒಳ್ಳೆಯ ಸಾಧನವೇ. ಕೊಕ್ಕೆ ಚುಚ್ಚಲಿಲ್ಲವೆಂಬುದು ತಿಳಿದದ್ದೂ ಹಾಗೆಯೇ. ಆದರೆ ಅದೇ ಗುಂಡಿಯು ನೋಟಕನನ್ನು ಇನ್ನೊಂದು ಬಗೆಯ ಕರ್ತೃವನ್ನಾಗಿ ಮಾಡುತ್ತದೆ: ಮತ್ತೊಮ್ಮೆ ಆಗಲಿ ಎಂದು ಬಯಸಿದವನು ಈಗ ಅವನೇ.

ಈ ಬಯಕೆಯ ಪ್ರಶ್ನೆಯನ್ನು ಕನ್ನಡದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಎತ್ತಿದವನು ಜನ್ನ. 1209ರ ‘ಯಶೋಧರಚರಿತೆ’ಯಲ್ಲಿ ಜೀವದ ಬಲಿಗೆ ಒಪ್ಪದ ಅರಸನು ತಾಯಿಯ ಬಲವಂತಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಹಿಟ್ಟು ತಾನೆ! ಆದರೆ ಏಟಿಗೆ ಅದು ಕೂಗಿಕೊಳ್ಳುತ್ತದೆ. ಆ ಒಂದು ಏಟಿನ ಫಲವಾಗಿ ತಾಯಿಮಗ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾ­ಗಿ ಹುಟ್ಟಿ, ತಮ್ಮದೇ ಮನೆಯಲ್ಲಿ, ತಮ್ಮದೇ ಮಗನ ಊಟಕ್ಕೆ ಅಡಿಗೆಯಾಗುತ್ತಾರೆ. ನರಮಾಂಸದ ವಸ್ತುವನ್ನು ಇದಕ್ಕಿಂತ ಸೂಕ್ಷ್ಮವಾಗಿ ಯಾರೂ ಹೇಳಿಲ್ಲ: ಉಣ್ಣುವವನಿಗೆ ತಾನು ತಂದೆಯನ್ನು ಉಣ್ಣುತ್ತಿದ್ದೇನೆಂಬುದು ತಿಳಿದೇ ಇಲ್ಲ. ಚಿತ್ರರಂಗದ ಕೊಲೆಗಳೆಲ್ಲವೂ ಹಿಟ್ಟಿನ ಕೋಳಿಗಳೇ. ಬಣ್ಣದ ನೀರು, ರಬ್ಬರಿನ ಕೈಕಾಲು. ಅನುಕರಣವಾದುದರಿಂದ ದೋಷವಿಲ್ಲವೆಂದು ನಾಟ್ಯಶಾಸ್ತ್ರದ ಪಕ್ಷ. ಸಂಕಲ್ಪವೇ ಹಿಂಸೆಯೆಂದು ಜನ್ನನ ಪಕ್ಷ. ನಾನು ಬಹುಮಟ್ಟಿಗೆ ಮೊದಲನೆಯ ಪಕ್ಷದವನು. ಆದರೂ ಅದೇ ದೃಶ್ಯವನ್ನು ಐದನೆಯ ಸಲ ಹಿಂದಕ್ಕೆ ತಿರುಗಿಸುವ ಕೈಯ ಬಗ್ಗೆ ಜನ್ನನ ಮಾತಿಗೆ ಕಿವಿಗೊಡದಿರಲಾಗದು.

ಎರಡು ಪಕ್ಷಗಳೂ ಒಂದಾಗಿ ತಳ್ಳಿಹಾಕಬೇಕಾದ ಕೃತಿಯೊಂದುಂಟು. ನಮ್ಮಲ್ಲಿ ‘ಭಕ್ತ ಸಿರಿಯಾಳ’ ಬಂದ 1980ರಲ್ಲಿಯೇ ಇಟಲಿಯ ರುಜ್ಜೆರೊ ದೆಯೊದಾತೊ ತೆಗೆದ ‘ಕ್ಯಾನಿಬಲ್ ಹೋಲೊಕಾಸ್ಟ್’. ಅಮೆಜಾನ್ ಕಾಡಿನಲ್ಲಿ ಕಾಣೆಯಾದ ಚಿತ್ರತಂಡವೊಂದು ಬಿಟ್ಟುಹೋದ ಫಿಲ್ಮನ್ನು ಪ್ರಾಧ್ಯಾಪಕನೊಬ್ಬನು ತಂದು ನೋಡುವ ಕಥೆ; ಒಳ್ಳೆಯ ದೃಶ್ಯಕ್ಕಾಗಿ ಆ ತಂಡದವರೇ ಕ್ರೌರ್ಯ ನಡೆಸಿದರೆಂಬುದು ಅದರಿಂದ ಬಯಲಾಗುತ್ತದೆ. ನಿಜವಾದ ನರಭಕ್ಷಕರು ಯಾರು ಎಂಬ ಪ್ರಶ್ನೆ ಸೊಗಸಾಗಿಯೇ ಇದೆ. ಚಿತ್ರವನ್ನು ಇಟಲಿಯಲ್ಲಿ ಮುಟ್ಟುಗೋಲು ಹಾಕಿಕೊಂಡರು. ನಟರು ಬದುಕಿದ್ದಾರೆಂದು ನಿರ್ದೇಶಕನೇ ತೋರಿಸಿಕೊಡಬೇಕಾಯಿತು. ನಟರು ಬದುಕಿದ್ದರು, ಆದರೆ ಕ್ಯಾಮರಾದ ಮುಂದೆ ಕೊಂದ ಆಮೆ ಮುಂತಾದ ಪ್ರಾಣಿಗಳು ನಿಜವಾಗಿಯೂ ಸತ್ತಿದ್ದವು. ಕ್ರೌರ್ಯವನ್ನು ದೃಶ್ಯಕ್ಕಾಗಿ ನಡೆಸಿದವರನ್ನು ಖಂಡಿಸಲು ಹೊರಟ ಚಿತ್ರವು ದೃಶ್ಯಕ್ಕಾಗಿ ಕ್ರೌರ್ಯವನ್ನು ನಡೆಸಿತು. ಇಲ್ಲಿ ಅನುಕರಣವೂ ಇಲ್ಲ, ಹಿಟ್ಟೂ ಇಲ್ಲ. ಆದುದರಿಂದ ರಸದ ಮಾತೇ ಏಳುವುದಿಲ್ಲ. ಅದರ ಭಕ್ತವೃಂದವು ಈ ಕೊಲೆಗಳನ್ನು ವಾಸ್ತವತೆಯ ಗುಣವೆಂದು ಹೊಗಳುವುದನ್ನು ಕೇಳಿದಾಗ ಆಗುವ ಜುಗುಪ್ಸೆ ಲೌಕಿಕವಾದದ್ದು.

ಭಕ್ತಿಯೊಳಗಿದ್ದುಕೊಂಡೇ ಹೀಗೆ ಮುಖ ತಿರುಗಿಸಿದವರು ನಮ್ಮ ಪರಂಪರೆಯಲ್ಲಿಯೂ ಇದ್ದರು. ಸೋಮನಾಥನ ‘ಬಸವಪುರಾಣ’ದಲ್ಲಿ, 1369ರಲ್ಲಿ ಭೀಮಕವಿಯು ಕನ್ನಡಕ್ಕೆ ತಂದ ಆ ಪುರಾಣದ ಮೂಲದಲ್ಲಿ, ಹಲಾಯುಧನೆಂಬ ಶರಣನ ಪ್ರಸಂಗ ಬರುತ್ತದೆ. ಸಿರಿಯಾಳನ ಕಥೆಯನ್ನು ಕೇಳಿ ಎಲ್ಲರೂ ಕೈಮುಗಿದಲ್ಲಿ ಹಲಾಯುಧನು ಕೈಮುಗಿಯಲಿಲ್ಲ. ನರಮಾಂಸವನ್ನು ಬೇಡಿದ ದೇವರನ್ನೂ ಅದನ್ನು ಬಡಿಸಿದ ಭಕ್ತನನ್ನೂ ದೂಷಿಸಿದನು. ಪುರಾಣಕಾರನು ಈ ದೂಷಣೆಯನ್ನು ಅಡಗಿಸದೆ, ಅದನ್ನು ಆಡಿದವನನ್ನೂ ಭಕ್ತರ ಸಾಲಿನಲ್ಲಿಯೇ ಕೂರಿಸಿದ್ದಾನೆ. ಇಂಥ ಓದುಗನೊಬ್ಬನು ತನ್ನೊಳಗೇ ಇರುವುದರಿಂದ ಆ ಕೃತಿಗೆ ಬಲ ಬಂದಿದೆ. ಟೆಕ್ಸಾಸಿನ ಮೇಜಿನಲ್ಲಿ ಹಲಾಯುಧನಿಲ್ಲ. ಅಡಿಗೆಯವನು ಮಾತ್ರ ಕೊಲ್ಲುವುದು ತನಗೆ ಸೇರದೆಂದು ಗೊಣಗುತ್ತಾನೆ, ಆಮೇಲೆ ಬಡಿಸುತ್ತಾನೆ. ಆ ಪಾತ್ರವನ್ನು ವಿಮರ್ಶಕರು ಇನ್ನೂ ಚೆನ್ನಾಗಿ ಗಮನಿಸಬೇಕು.

ತರಗತಿಯಲ್ಲಿ ಇದನ್ನು ಪ್ರಯೋಗಿಸಬಯಸುವ ಅಧ್ಯಾಪಕರಿಗೆ ಒಂದು ಸೂಚನೆ. ಹದಿನೆಂಟು ತುಂಬಿದ, ತಾವಾಗಿ ಒಪ್ಪಿದ ವಿದ್ಯಾರ್ಥಿಗಳಿಗಲ್ಲದೆ ಚಿತ್ರವನ್ನು ತೋರಿಸಬಾರದು. ಮೊದಲು ಜನ್ನನ ಹಿಟ್ಟಿನ ಕೋಳಿಯ ಭಾಗವನ್ನು ಓದಿಸಿ, ಅನಂತರ ಚಿತ್ರದ ಆರಂಭದಿಂದ ಲೋಹದ ಬಾಗಿಲು ಮುಚ್ಚುವವರೆಗೆ ಎಲ್ಲಿಯೂ ನಿಲ್ಲಿಸದೆ ಹಾಕಬೇಕು. ಊಟದ ದೃಶ್ಯವನ್ನು ಎರಡು ಸಲ ಹಾಕುವುದು ಮೇಲು: ಒಮ್ಮೆ ಸದ್ದನ್ನು ಪೂರ್ತಿಯಾಗಿ ಅಡಗಿಸಿ, ಇನ್ನೊಮ್ಮೆ ಪರದೆಗೆ ಬಟ್ಟೆ ಮುಚ್ಚಿ ಸದ್ದನ್ನು ಮಾತ್ರ ಕೇಳಿಸಿ. ಎರಡರಲ್ಲಿ ಯಾವುದನ್ನು ಸಹಿಸಲಾಗಲಿಲ್ಲವೆಂದು ವಿದ್ಯಾರ್ಥಿಗಳಿಂದ ಬರೆಸಿಕೊಂಡು, ಆ ಮೇಲೆ ಚಂಗಳೆಯ ಅಡಿಗೆಮನೆಯ ಮೌನಕ್ಕೆ ಬರಬಹುದು.